ಬಿಳಿಯನ್ನು ಅಳಿಸುವಾಗ

ಫೋಟೋಶಾಪ್‌ನಲ್ಲಿ ಒಂದು ಚಿತ್ರದ ಬಿಳಿ ಹಿನ್ನೆಲೆಯನ್ನು ತೆಗೆದುಹಾಕುವುದು ದೊಡ್ಡ ವಿದ್ಯೆಯೇನಲ್ಲ. ಚಿತ್ರ ತೆರೆದಾಗ ಪದರಗಳ ಪಟ್ಟಿಯಲ್ಲಿ ‘ಬ್ಯಾಕ್‌ಗ್ರೌಂಡ್’ ಎಂಬ ಹೆಸರಿನ, ಬೀಗದ ಗುರುತಿರುವ ಒಂದೇ ಪದರ ಇರುತ್ತದೆ. ಆ ಹೆಸರು ಇರುವವರೆಗೆ ಅದು ಪಾರದರ್ಶಕವಾಗಲಾರದು. ಏನನ್ನಾದರೂ ಅಳಿಸಿದರೆ ಆ ಜಾಗಕ್ಕೆ ಇನ್ನೊಂದು ಬಣ್ಣ ಬಂದು ಕೂರುತ್ತದೆ. ಆದ್ದರಿಂದ ಮೊದಲು ಅದರ ಮೇಲೆ ಎರಡು ಸಲ ಒತ್ತಿ ಅದನ್ನು ಸಾಧಾರಣ ಪದರವಾಗಿ ಬದಲಿಸಬೇಕು. ಆಮೇಲೆ ‘ಮ್ಯಾಜಿಕ್ ವ್ಯಾಂಡ್’ ಎಂಬ ಮಾಯಾದಂಡ ಹಿಡಿದು ಬಿಳಿಯ ಮೇಲೆ ಒಮ್ಮೆ ಒತ್ತಿದರೆ ಬಿಳಿಯೆಲ್ಲ ಆಯ್ಕೆಯಾಗುತ್ತದೆ. ಡಿಲೀಟ್ ಒತ್ತಿದರೆ ಬಿಳಿ ಹೋಗಿ ಬೂದು-ಬಿಳಿ ಚೌಕಗಳ ಚದುರಂಗದ ಹಾಸು ಕಾಣುತ್ತದೆ. ಅದನ್ನು ಪಿಎನ್‌ಜಿ ಆಗಿ ಉಳಿಸಬೇಕು. ಜೆಪೆಗ್ ಆಗಿ ಉಳಿಸಿದರೆ ಆ ಕಡತಕ್ಕೆ ಪಾರದರ್ಶಕತೆ ಅಂದರೇನೆಂದು ಗೊತ್ತಿಲ್ಲ. ಅಳಿಸಿದಲ್ಲಿಗೆ ಬಿಳಿ ವಾಪಸ್ಸು ಬರುತ್ತದೆ.

ಕೆಲಸ ಇಷ್ಟೇ. ಆದರೆ ಹಳೆಯ ಛಾಯಾಚಿತ್ರಗಳ ಮೇಲೆ ಸಂಶೋಧನೆ ಮಾಡುತ್ತಾ ದಿನಕ್ಕೆ ಹತ್ತಾರು ಸಲ ಈ ಕೆಲಸವನ್ನೇ ಮಾಡುವ ನನಗೆ ಇದರೊಳಗೊಂದು ನೈತಿಕ ಪ್ರಶ್ನೆ ಕೂತಿದೆ ಅನ್ನಿಸುತ್ತದೆ. ಯಾವುದು ವಿಷಯ, ಯಾವುದು ಹಿನ್ನೆಲೆ ಎಂದು ತೀರ್ಮಾನಿಸುವ ಹಕ್ಕು ಯಾರದು? ಒಬ್ಬ ಮನುಷ್ಯನನ್ನು ಅವನು ನಿಂತ ಜಾಗದಿಂದ ಬಿಡಿಸಿ ತೆಗೆದರೆ ಅವನಿಗೆ ನ್ಯಾಯ ಮಾಡಿದಂತೆಯೋ ಅನ್ಯಾಯ ಮಾಡಿದಂತೆಯೋ?

ಮಾಯಾದಂಡದ ಪಕ್ಕದಲ್ಲೇ ಒಂದು ಸಣ್ಣ ಚೌಕವಿದೆ. ಅದರ ಹೆಸರು ‘ಟಾಲರೆನ್ಸ್’. ಕನ್ನಡದಲ್ಲಿ ಹೇಳುವುದಾದರೆ ಸಹಿಷ್ಣುತೆ. ಅಲ್ಲಿ 0 ಯಿಂದ 255 ರವರೆಗಿನ ಒಂದು ಸಂಖ್ಯೆ ಹಾಕಬಹುದು. ನಾವೇನೂ ಮುಟ್ಟದಿದ್ದರೆ ಅದು 32 ಇರುತ್ತದೆ. ಸಹಿಷ್ಣುತೆ 0 ಇದ್ದರೆ ನಾನು ಮುಟ್ಟಿದ ಬಿಳಿಯಂಥದೇ ಬಿಳಿ ಮಾತ್ರ ಆಯ್ಕೆಯಾಗುತ್ತದೆ. ಹೆಚ್ಚಿಸುತ್ತಾ ಹೋದಂತೆ ಕೆನೆಬಣ್ಣ, ಮಾಸಲು ಬಿಳಿ, ತಿಳಿ ಬೂದು ಎಲ್ಲವೂ ‘ಬಿಳಿ’ಯ ಲೆಕ್ಕಕ್ಕೆ ಸೇರುತ್ತವೆ. ಸಮಾಜದಲ್ಲಿ ಸಹಿಷ್ಣುತೆ ಹೆಚ್ಚಾದರೆ ಭಿನ್ನವಾದವರು ಉಳಿಯುತ್ತಾರೆ ಎಂದು ನಾವು ಓದಿದ್ದೇವೆ. ಇಲ್ಲಿ ಸಹಿಷ್ಣುತೆ ಹೆಚ್ಚಾದಷ್ಟೂ ಹೆಚ್ಚು ಸಂಗತಿಗಳು ಅಳಿಯುತ್ತವೆ. ಯಾಕೆಂದರೆ ಈ ಸಹಿಷ್ಣುತೆ ಭಿನ್ನತೆಯನ್ನು ತಾಳಿಕೊಳ್ಳುವುದಲ್ಲ, ಭಿನ್ನತೆಯನ್ನು ಗಮನಿಸದೇ ಇರುವುದು. ಎರಡಕ್ಕೂ ಒಂದೇ ಹೆಸರಿರುವುದು ಕಾಕತಾಳೀಯವಿರಬಹುದು. ಆದರೆ ಹೊರಗಿನ ಲೋಕದಲ್ಲೂ ‘ನನಗೆ ಎಲ್ಲರೂ ಒಂದೇ’ ಎನ್ನುವವರಲ್ಲಿ ಕೆಲವರು ಈ ಎರಡನೆಯ ಬಗೆಯ ಸಹಿಷ್ಣುಗಳೇ ಆಗಿರುತ್ತಾರೆ.

ನಮ್ಮ ಕಡೆಯ ಹಳೆಯ ಫೋಟೋಗಳಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಹಿಂದೆ ಸುಣ್ಣ ಬಳಿದ ಗೋಡೆ, ಮುಂದೆ ಬಿಳಿ ಅಂಗಿ, ಬಿಳಿ ಧೋತರ, ಬಿಳಿ ರುಮಾಲು. ಗೋಡೆಯನ್ನು ಅಳಿಸಲು ಹೋದರೆ ಧೋತರವೂ ಕರಗಿಹೋಗುತ್ತದೆ. ಮುಖ, ಎರಡು ಕೈ, ಎರಡು ಪಾದ ಮಾತ್ರ ಚೌಕಗಳ ಮೇಲೆ ತೇಲುತ್ತಿರುತ್ತವೆ. ಯಂತ್ರಕ್ಕೆ ಗೋಡೆಯ ಬಿಳಿಗೂ ಬಟ್ಟೆಯ ಬಿಳಿಗೂ ವ್ಯತ್ಯಾಸವಿಲ್ಲ. ಆ ಬಟ್ಟೆಯನ್ನು ಒಗೆದು, ನೀಲಿ ಹಾಕಿ, ಒಣಗಿಸಿ, ಮದುವೆಗೆಂದು ತೆಗೆದಿಟ್ಟಿದ್ದವರಿಗೆ ವ್ಯತ್ಯಾಸವಿತ್ತು.

ಪಾರದರ್ಶಕತೆಯನ್ನು ಕಂಪ್ಯೂಟರಿಗೆ ಕಲಿಸಿದ ಕತೆಯೂ ಇಲ್ಲಿ ಪ್ರಸ್ತುತ. 1970 ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್, ಚಿತ್ರದ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿಯ ಜೊತೆಗೆ ನಾಲ್ಕನೆಯದೊಂದು ಸಂಖ್ಯೆಯನ್ನು ಸೇರಿಸಿದರು. ಅದನ್ನು ‘ಆಲ್ಫಾ’ ಎಂದು ಕರೆದರು. ಈಗ ನಾವು ಬಳಸುವ ಸಾಮಾನ್ಯ ಚಿತ್ರಗಳಲ್ಲಿ ಅದು 0 ಇದ್ದರೆ ಆ ಬಿಂದು ಕಾಣುವುದೇ ಇಲ್ಲ, 255 ಇದ್ದರೆ ಪೂರ್ತಿ ಗಟ್ಟಿ. ನಡುವಿನ ಸಂಖ್ಯೆಗಳು ಅರ್ಧಮರ್ಧ ಇರುವಿಕೆ. 1984 ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಇಂಥ ಚಿತ್ರಗಳನ್ನು ಒಂದರ ಮೇಲೊಂದು ಇಡುವ ಗಣಿತವನ್ನು ವ್ಯವಸ್ಥಿತವಾಗಿ ಬರೆದರು. ಇವತ್ತು ಸಿನಿಮಾದಲ್ಲಿ, ಫ್ಲೆಕ್ಸ್ ಬ್ಯಾನರಿನಲ್ಲಿ, ಮದುವೆ ಕರೆಯೋಲೆಯಲ್ಲಿ ನಡೆಯುವ ಜೋಡಣೆಗಳ ಹಿಂದೆ ಇರುವುದು ಇದೇ ಲೆಕ್ಕ.

ನನಗೆ ಈ ಲೆಕ್ಕದಲ್ಲಿ ಮುಖ್ಯವೆನಿಸುವುದು ಅಂಚು. ವ್ಯಕ್ತಿಯ ಮಧ್ಯಭಾಗ ಪೂರ್ತಿ ವ್ಯಕ್ತಿಯೇ, ದೂರದ ಗೋಡೆ ಪೂರ್ತಿ ಗೋಡೆಯೇ. ಆದರೆ ಕೂದಲು ಗೋಡೆಯನ್ನು ಸಂಧಿಸುವಲ್ಲಿ ಒಂದೇ ಬಿಂದುವಿನೊಳಗೆ ಕೂದಲೂ ಇರುತ್ತದೆ, ಗೋಡೆಯೂ ಇರುತ್ತದೆ. ಅಲ್ಲಿ ಎಷ್ಟು ಪಾಲು ಕೂದಲು, ಎಷ್ಟು ಪಾಲು ಗೋಡೆ? ಕ್ಯಾಮೆರಾ ನಮಗೆ ಕೊಡುವುದು ಮೂರು ಸಂಖ್ಯೆ. ನಾವು ಕೇಳುತ್ತಿರುವುದು ಏಳು: ಕೂದಲಿನ ನಿಜವಾದ ಬಣ್ಣದ ಮೂರು, ಗೋಡೆಯ ಬಣ್ಣದ ಮೂರು, ಆಲ್ಫಾ ಒಂದು. ಮೂರರಿಂದ ಏಳನ್ನು ತೆಗೆಯಲು ಆಗುವುದಿಲ್ಲ. ಗೋಡೆಯ ಬಣ್ಣ ಮೊದಲೇ ಗೊತ್ತಿದೆ ಎಂದುಕೊಂಡರೂ ನಾಲ್ಕು ಉಳಿಯುತ್ತವೆ. ಅಂದರೆ ಒಂದೇ ಫೋಟೋ ನೋಡಿ ಹಿನ್ನೆಲೆಯನ್ನು ಕರಾರುವಾಕ್ಕಾಗಿ ಬೇರ್ಪಡಿಸಲು ಸಾಮಾನ್ಯವಾಗಿ ಸಾಧ್ಯವೇ ಇಲ್ಲ. ಯಾವ ತಂತ್ರಾಂಶವಾದರೂ ಅಲ್ಲಿ ಮಾಡುವುದು ಊಹೆ. ಅಳಿಸಿದ ಚಿತ್ರವನ್ನು ಕಪ್ಪು ಹಾಳೆಯ ಮೇಲಿಟ್ಟಾಗ ತಲೆಯ ಸುತ್ತ ಕಾಣುವ ತೆಳು ಬಿಳಿ ಗೆರೆ ಆ ಊಹೆ ಬಿಟ್ಟುಹೋದ ಗುರುತು. ಗೋಡೆಯನ್ನು ಬಿಟ್ಟುಬಂದರೂ ಗೋಡೆಯ ಸ್ವಲ್ಪ ಸುಣ್ಣ ಮೈಗಂಟಿಕೊಂಡೇ ಬರುತ್ತದೆ.

ಇದಕ್ಕೆ ಪರಿಹಾರವಿಲ್ಲವೇ ಎಂದರೆ, ಇದೆ. 1996 ರಲ್ಲಿ ಅದೇ ಆಲ್ವಿ ರೇ ಸ್ಮಿತ್, ಜೇಮ್ಸ್ ಬ್ಲಿನ್ ಜೊತೆ ಸೇರಿ ಬರೆದ ಪ್ರಬಂಧದಲ್ಲಿ ಅದನ್ನು ತೋರಿಸಿದರು. ಅದೇ ವಸ್ತುವನ್ನು ಅಲುಗಾಡಿಸದೆ, ಗೊತ್ತಿರುವ ಎರಡು ಬೇರೆ ಬೇರೆ ಬಣ್ಣದ ಹಿನ್ನೆಲೆಗಳ ಮುಂದೆ ಇಟ್ಟು ಎರಡು ಸಲ ಫೋಟೋ ತೆಗೆಯಿರಿ. ಆಗ ಮೂರರ ಬದಲು ಆರು ಸಂಖ್ಯೆಗಳು ಸಿಗುತ್ತವೆ, ಲೆಕ್ಕ ಬಿಡಿಸಬಹುದು. ಎಲ್ಲಿ ಬದಲಾಯಿತೋ ಅದು ಹಿನ್ನೆಲೆ, ಎಲ್ಲಿ ಬದಲಾಗಲಿಲ್ಲವೋ ಅದು ವಸ್ತು. ಇದನ್ನು ಮೊದಲು ಓದಿದಾಗ ಗಣಿತಕ್ಕಿಂತ ಹೆಚ್ಚಿನದೇನೋ ಸಿಕ್ಕಿತು ಅನ್ನಿಸಿತ್ತು. ಒಂದು ಸಂಗತಿಯನ್ನು ಅದರ ಹಿನ್ನೆಲೆಯಿಂದ ಬೇರೆಯಾಗಿ ತಿಳಿಯಬೇಕಾದರೆ ಹಿನ್ನೆಲೆಯನ್ನು ಅಳಿಸುವುದು ದಾರಿಯಲ್ಲ. ಇನ್ನೊಂದು ಹಿನ್ನೆಲೆಯಲ್ಲಿ ಅದನ್ನು ನೋಡುವುದು ದಾರಿ.

ಮನುಷ್ಯರ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿದ ಇತಿಹಾಸ ನಮ್ಮೆದುರಿಗಿದೆ. 1869 ರಲ್ಲಿ ಜಾನ್ ಲ್ಯಾಂಪ್ರೆ ಎಂಬವನು ಮನುಷ್ಯದೇಹವನ್ನು ಅಳೆಯುವ ಒಂದು ವಿಧಾನವನ್ನು ಪ್ರಕಟಿಸಿದ. ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ 2 ಅಂಗುಲದ ಚೌಕಗಳನ್ನು ಮಾಡಿ, ಅದರ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಫೋಟೋ ತೆಗೆಯುವುದು. ಎಲ್ಲರ ಹಿಂದೆಯೂ ಅದೇ ಜಾಲರಿ ಇರುವುದರಿಂದ ಯಾವ ದೇಶದ ಯಾರನ್ನಾದರೂ ಯಾರೊಂದಿಗಾದರೂ ಹೋಲಿಸಬಹುದು ಎನ್ನುವುದು ಲೆಕ್ಕಾಚಾರ. 1890 ರ ದಶಕದಲ್ಲಿ ಅಂಡಮಾನಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮಾರಿಸ್ ವಿಡಾಲ್ ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಚೌಕಗಳ ಪರದೆಯ ಮುಂದೆ ನಿಲ್ಲಿಸಿ ತೆಗೆದ ಚಿತ್ರಗಳು ಇವತ್ತಿಗೂ ಲಂಡನ್ನಿನ ಸಂಗ್ರಹಗಳಲ್ಲಿವೆ. ಅವುಗಳಲ್ಲಿ ಕಾಡಿಲ್ಲ, ಕಡಲಿಲ್ಲ, ಮನೆಯಿಲ್ಲ, ಪಕ್ಕದಲ್ಲಿ ನಿಂತ ಬಂಧುವಿಲ್ಲ. ಚೌಕಗಳಿವೆ, ದೇಹವಿದೆ.

ಫೋಟೋಶಾಪಿನ ಚೌಕಗಳ ಹಾಸು ಪೋರ್ಟ್‌ಮನ್ನನಿಂದ ಬಂದದ್ದೆಂದು ನಾನು ಹೇಳುತ್ತಿಲ್ಲ. ಅದು ‘ಇಲ್ಲಿ ಏನೂ ಇಲ್ಲ’ ಎಂದು ಸೂಚಿಸುವ ಒಂದು ಅನುಕೂಲದ ಗುರುತು, ಅಷ್ಟೇ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಒಂದು ವಿಷಯ ಹೊಳೆಯದೇ ಇರದು. ಹಿನ್ನೆಲೆಯಿಲ್ಲದ ಸ್ಥಿತಿ ಎಂಬುದಿಲ್ಲ. ಹಿನ್ನೆಲೆಯನ್ನು ತೆಗೆದಾಗ ಅಲ್ಲಿಗೆ ಬರುವುದು ಶೂನ್ಯವಲ್ಲ, ತೆಗೆದವರ ಹಿನ್ನೆಲೆ. ಅಂಡಮಾನಿನ ಆ ಮನುಷ್ಯನ ಹಿಂದಿನ ಕಾಡನ್ನು ತೆಗೆದಾಗ ಅಲ್ಲಿ ಬಂದು ನಿಂತದ್ದು ಸಾಮ್ರಾಜ್ಯದ ಅಳತೆಪಟ್ಟಿ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಕ್ಷೇತ್ರದವರಿಗೆ ಸಂತೋಷವಾಗುತ್ತದೆ. ಹಿನ್ನೆಲೆಯನ್ನು ಅಳಿಸಬಾರದು, ಸಂದರ್ಭವನ್ನು ಕಾಪಾಡಬೇಕು, ದಾಖಲೆಯನ್ನು ಮುಟ್ಟಬಾರದು ಎಂಬುದು ನಮ್ಮ ಸೆಮಿನಾರುಗಳಲ್ಲಿ ಎಲ್ಲರೂ ತಲೆಯಾಡಿಸುವ ಮಾತು. ಈ ಮಾತು ಎಲ್ಲರಿಗೂ ಸಲ್ಲುತ್ತದೆಯೇ ಎಂದು ನನ್ನನ್ನು ಕೇಳಿದವರು ನಮ್ಮ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಅಕ್ಕ.

ಅವರು ತಂದದ್ದು ತಮ್ಮ ತಂದೆಯ ಒಂದೇ ಒಂದು ಫೋಟೋ. ಅದು ತಂದೆಯ ಫೋಟೋ ಅಲ್ಲ. ಊರಿನ ದೊಡ್ಡ ಮನೆಯೊಂದರ ಮದುವೆಯ ಫೋಟೋ. ಸುಣ್ಣದ ಗೋಡೆಯ ಮುಂದೆ ಕುರ್ಚಿಗಳಲ್ಲಿ ಮದುಮಕ್ಕಳು, ಹಿರಿಯರು. ಹಿಂದೆ ಒಂದು ಸಾಲು. ಅದಕ್ಕೂ ಹಿಂದೆ, ಎಡತುದಿಯಲ್ಲಿ, ತಲೆಯ ಮೇಲೆ ಗ್ಯಾಸ್‌ಬತ್ತಿ ಹೊತ್ತು ನಿಂತ ತೆಳ್ಳನೆಯ ಮನುಷ್ಯ. ಕರೆಂಟು ಇಲ್ಲದ ಕಾಲದ ರಾತ್ರಿ ಮೆರವಣಿಗೆಗಳಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತು ನಡೆಯುತ್ತಿದ್ದವರನ್ನು ನಮ್ಮ ಹಿರಿಯರು ನೋಡಿದ್ದಾರೆ. ಮಂದಿಯನ್ನೆಲ್ಲ ಬೆಳಗುವ ಕೆಲಸ ಅವರದು. ಫೋಟೋದಲ್ಲಿ ಮಾತ್ರ ಆ ಬೆಳಕೇ ಅವರ ಮುಖದ ಮೇಲ್ಭಾಗವನ್ನು ನುಂಗಿಹಾಕಿರುತ್ತದೆ.

ಅಕ್ಕನಿಗೆ ಬೇಕಾಗಿದ್ದು ಅಪ್ಪನ ಮುಖ ಮಾತ್ರ. ಗೋಡೆ ಬೇಡ, ಕುರ್ಚಿಯವರು ಬೇಡ, ದೀಪವೂ ಬೇಡ. ಗೋಡೆಯನ್ನೂ ಜನರನ್ನೂ ತೆಗೆಯುತ್ತೇನೆ, ದೀಪ ಇರಲಿ, ಅದು ಅವರ ದುಡಿಮೆಯ ಗುರುತಲ್ಲವೇ ಎಂದು ನಾನು ಕೇಳಿದೆ. ಅದಕ್ಕೆ ಅವರು ಹೇಳಿದ್ದು: “ಅಪ್ಪ ಅವರ ಮನೀ ಮದುವ್ಯಾಗ ಒಂದು ರಾತ್ರಿ ದೀಪ ಹೊತ್ತಿದ್ದ, ತಂಗಿ. ನಮ್ಮನಿ ಗ್ವಾಡೀ ಮ್ಯಾಲೂ ಹೊತ್ಕೊಂಡ ನಿಂದರಬೇಕೇನು?”

ಈ ಪ್ರಶ್ನೆಗೆ ಸೆಮಿನಾರಿನ ಉತ್ತರ ಸಾಲುವುದಿಲ್ಲ. ಆ ದೀಪ ಇತಿಹಾಸಕ್ಕೆ ಸಾಕ್ಷಿ, ಹೌದು. ಆದರೆ ತಮ್ಮ ಅವಮಾನದ ಸಾಕ್ಷಿಯನ್ನು ತಾವೇ ಗೋಡೆಗೆ ನೇತುಹಾಕಿಕೊಂಡು ದಿನಾ ಊದುಬತ್ತಿ ಬೆಳಗಬೇಕೆಂದು ಯಾವ ಮಕ್ಕಳನ್ನೂ ಕೇಳುವ ಹಕ್ಕು ಇತಿಹಾಸಕ್ಕಿಲ್ಲ. ಕುರ್ಚಿಯಲ್ಲಿ ಕೂತವರ ಮನೆಗಳಲ್ಲಿ ಆಲ್ಬಮ್ಮುಗಳಿವೆ, ಸ್ಟುಡಿಯೋಕ್ಕೆ ಹೋಗಿ ತೆಗೆಸಿದ ಭಾವಚಿತ್ರಗಳಿವೆ. ಸ್ಟುಡಿಯೋದಲ್ಲಿ ಅವರು ತಮಗೆ ಬೇಕಾದ ಪರದೆಯನ್ನು, ತೋಟವೋ ಮಹಲೋ, ಹಿಂದೆ ಬಿಡಿಸಿಕೊಂಡಿದ್ದಾರೆ. ಅದನ್ನು ಯಾರೂ ಸುಳ್ಳೆಂದು ಕರೆದಿಲ್ಲ. ಕ್ರಿಸ್ಟೋಫರ್ ಪಿನ್ನಿ 1997 ರ ತಮ್ಮ ‘ಕ್ಯಾಮೆರಾ ಇಂಡಿಕಾ’ ಪುಸ್ತಕದಲ್ಲಿ ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋ ಚಿತ್ರಗಳನ್ನು ಅಭ್ಯಾಸ ಮಾಡಿದ್ದಾರೆ. ಅಲ್ಲಿ ಜನ ಫೋಟೋದಿಂದ ಬಯಸುವುದು ಇದ್ದ ಹಾಗೆ ಕಾಣುವುದನ್ನಲ್ಲ, ಇನ್ನೂ ಚೆನ್ನಾಗಿ ಕಾಣುವುದನ್ನು. ಹಿನ್ನೆಲೆಯನ್ನು ಆರಿಸಿಕೊಳ್ಳುವುದು ಹಣವಿದ್ದವರಿಗೆ ಯಾವತ್ತೂ ಸಿಕ್ಕ ಸವಲತ್ತು. ಅದೇ ಸವಲತ್ತು ದೀಪ ಹೊತ್ತವನಿಗೆ ನಲವತ್ತು ವರ್ಷ ತಡವಾಗಿ, ಮಗಳ ಮೂಲಕ ಸಿಗುವಾಗ ಮಾತ್ರ ನಾವು ದಾಖಲೆಯ ಪಾವಿತ್ರ್ಯವನ್ನು ನೆನೆಯುವುದು ನ್ಯಾಯವಲ್ಲ.

ಹಾಗಾದರೆ ಅಳಿಸುವುದೆಲ್ಲ ಸರಿಯೇ? ಹಾಗೂ ಅಲ್ಲ. 1937 ರಲ್ಲಿ ಮಾಸ್ಕೋ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ ಪಕ್ಕದಲ್ಲಿ ನಡೆಯುತ್ತಿದ್ದ ನಿಕೊಲಾಯ್ ಯೆಜೋವ್‌ನ ಕತೆ ಎಲ್ಲರಿಗೂ ಗೊತ್ತಿರುವುದೇ. ರಹಸ್ಯ ಪೊಲೀಸರ ಮುಖ್ಯಸ್ಥನಾಗಿ ಲಕ್ಷಾಂತರ ಜನರ ಸಾವಿಗೆ ಕಾರಣನಾದ ಅವನನ್ನು 1940 ರಲ್ಲಿ ಅದೇ ಪ್ರಭುತ್ವ ಗುಂಡಿಕ್ಕಿ ಕೊಂದಿತು. ಆಮೇಲೆ ಫೋಟೋದಿಂದಲೂ ತೆಗೆಯಿತು. ಅವನು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರು ಬಂತು. ಕೈಚಳಕದ ದೃಷ್ಟಿಯಿಂದ ನೋಡಿದರೆ ಆ ಕೆಲಸಗಾರ ಮಾಡಿದ್ದಕ್ಕೂ ಅಕ್ಕ ನನ್ನಿಂದ ಕೇಳಿದ್ದಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಬೇರೆಡೆ. ಅಲ್ಲಿ ಅಳಿಸಿದ್ದು ಅಧಿಕಾರ, ಮತ್ತು ಅದು ಬಯಸಿದ್ದು ಎಲ್ಲರೂ ಮೂಲವನ್ನು ಮರೆಯಬೇಕೆಂದು. ಅಕ್ಕ ಬಯಸಿದ್ದು ತನ್ನ ಮನೆಯ ಒಂದು ಗೋಡೆಯನ್ನು. ಮದುವೆಯ ಫೋಟೋ ಸುಳ್ಳು ಎಂದಾಗಲೀ, ಅಪ್ಪ ದೀಪ ಹೊರಲೇ ಇಲ್ಲ ಎಂದಾಗಲೀ ಅವರು ಹೇಳುತ್ತಿರಲಿಲ್ಲ. ಸುಳ್ಳು ಹುಟ್ಟುವುದು ಚಿತ್ರದೊಳಗಿನ ಬದಲಾವಣೆಯಿಂದಲ್ಲ, ಆ ಬದಲಾವಣೆಯನ್ನು ಮುಚ್ಚಿಟ್ಟು ಇನ್ನೊಬ್ಬರ ತಿಳಿವಳಿಕೆಯನ್ನು ಕಸಿಯುವುದರಿಂದ.

ತಂತ್ರಾಂಶದಲ್ಲೇ ಈ ವ್ಯತ್ಯಾಸಕ್ಕೆ ಎರಡು ಸಲಕರಣೆಗಳಿವೆ. ಒಂದು ಅಳಿಸುವ ರಬ್ಬರು. ಕಡತ ಉಳಿಸಿ ಮುಚ್ಚಿದ ಮೇಲೆ ಅದು ತೆಗೆದದ್ದು ಮತ್ತೆ ಬರುವುದಿಲ್ಲ. ಇನ್ನೊಂದು ಮಾಸ್ಕ್. ಅದು ಪದರದ ಮೇಲೆ ಹಾಸುವ ಮುಸುಕು. ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಕೆಳಗಿನ ಚಿತ್ರಕ್ಕೆ ಏನೂ ಆಗಿರುವುದಿಲ್ಲ. ನಾನು ಅಕ್ಕನ ಫೋಟೋಕ್ಕೆ ಬಳಸಿದ್ದು ಮಾಸ್ಕ್.

ಆದರೂ ಅಂಚಿನ ಪ್ರಶ್ನೆ ಉಳಿಯಿತು. ದೀಪದ ಪ್ರಖರತೆಯಲ್ಲಿ ರುಮಾಲಿನ ಮೇಲಿನ ಅಂಚು ಕಾಣುತ್ತಲೇ ಇರಲಿಲ್ಲ. ಅಲ್ಲಿ ಬರೀ ಬಿಳಿ. ದೀಪ ತೆಗೆದರೆ ಆ ಅಂಚನ್ನು ನಾನೇ ಬರೆಯಬೇಕು. ಎರಡನೆಯ ಫೋಟೋ ಇಲ್ಲ. ಬರೆದು ತೋರಿಸಿ, ಇಷ್ಟು ಭಾಗ ಫೋಟೋದಲ್ಲಿ ಇಲ್ಲ, ನನ್ನ ಊಹೆ ಎಂದು ಹೇಳಿದೆ. ಅಕ್ಕ ಅದನ್ನು ಊರಿಗೆ ಒಯ್ದು ತಮ್ಮ ತಾಯಿಗೆ ತೋರಿಸಿ ಬಂದರು. “ಅಂವ ಎಡಕ ಜಗ್ಗಿ ಸುತ್ತತಿದ್ದ, ಹಿಂಗಲ್ಲ ಅಂದ್ಳು ಅವ್ವ,” ಎಂದರು. ಎಡಕ್ಕೆ ಬಾಗಿಸಿ ತಿದ್ದಿದೆ. ಸ್ಮಿತ್ ಮತ್ತು ಬ್ಲಿನ್ ಕೇಳಿದ ಎರಡನೆಯ ಹಿನ್ನೆಲೆ ಆ ಮುದುಕಿಯ ನೆನಪಿನಲ್ಲಿತ್ತು. ಅವಳು ಆ ಮನುಷ್ಯನನ್ನು ಬೇರೆಯವರ ಮದುವೆಯಲ್ಲಿ ಮಾತ್ರವಲ್ಲ, ಒಲೆಯ ಮುಂದೆ, ಹೊಲದಲ್ಲಿ, ಸಂತೆಯಲ್ಲಿ ನೋಡಿದ್ದಳು. ಎಷ್ಟೋ ಹಿನ್ನೆಲೆಗಳಲ್ಲಿ ಬದಲಾಗದೆ ಉಳಿದದ್ದು ಯಾವುದು ಎಂಬುದು ಅವಳಿಗೆ ಗೊತ್ತಿತ್ತು.

ಮೂಲ ಫೋಟೋದ ಪ್ರತಿಯನ್ನು ನನ್ನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಅಕ್ಕ ಸ್ವಲ್ಪ ಯೋಚಿಸಿ, “ಅದರಾಗ ಅಪ್ಪನ ಹೆಸರ ಬರೀತಿಯೇನು?” ಎಂದರು. ಇಂಥ ಫೋಟೋಗಳ ಹಿಂಬದಿಯಲ್ಲೋ ಅಡಿಯಲ್ಲೋ ‘ಕುಳಿತವರು ಎಡದಿಂದ ಬಲಕ್ಕೆ’ ಎಂದು ಹೆಸರುಗಳಿರುತ್ತವೆ. ಕೆಲವೊಮ್ಮೆ ‘ನಿಂತವರು’ ಎಂದೂ ಇರುತ್ತದೆ. ದೀಪ ಹೊತ್ತವರ ಹೆಸರು ಇರುವ ಒಂದೇ ಒಂದು ಫೋಟೋವನ್ನು ನಾನು ಈವರೆಗೆ ನೋಡಿರಲಿಲ್ಲ. ಈಗ ಒಂದಿದೆ. ಅದರಲ್ಲಿ ದೀಪವೂ ಇದೆ, ಹೆಸರೂ ಇದೆ. ಹೆಸರು ಸೇರಿದ ಮೇಲೆ ಆ ದೀಪದ ಅರ್ಥವೇ ಬೇರೆಯಾಗಿದೆ. ಮೊದಲು ಅದು ಮದುವೆಯ ಅಲಂಕಾರದ ಭಾಗವಾಗಿತ್ತು, ಈಗ ಒಬ್ಬ ಮನುಷ್ಯನ ತಲೆಯ ಮೇಲಿನ ಭಾರ.

‘ಪಾರದರ್ಶಕ’ ಎಂಬ ಪದವನ್ನು ನಾವು ಇನ್ನೊಂದು ಕಡೆಯೂ ಬಳಸುತ್ತೇವೆ. ಕರ್ನಾಟಕದಲ್ಲಿ ಸರ್ಕಾರಿ ಟೆಂಡರುಗಳಿಗಾಗಿ 1999 ರಲ್ಲಿ ಬಂದ ಕಾಯ್ದೆಯ ಹೆಸರಿನಲ್ಲೇ ಪಾರದರ್ಶಕತೆ ಇದೆ. 2005 ರ ಮಾಹಿತಿ ಹಕ್ಕು ಕಾಯ್ದೆಯ ಜೀವವೂ ಅದೇ. ಅಲ್ಲಿ ಪಾರದರ್ಶಕ ಎಂದರೆ ಏನನ್ನೂ ತೆಗೆದಿಲ್ಲ, ಹಿಂದಿರುವುದೆಲ್ಲ ಕಾಣುತ್ತದೆ ಎಂದು. ಚಿತ್ರದಲ್ಲಿ ಪಾರದರ್ಶಕ ಎಂದರೆ ಅಲ್ಲಿದ್ದುದನ್ನು ತೆಗೆದಾಗಿದೆ, ಈಗ ಹಿಂದೆ ಏನು ಬೇಕಾದರೂ ಇಡಬಹುದು ಎಂದು. ಅಧಿಕಾರ ತನ್ನ ವಿಷಯದಲ್ಲಿ ಎರಡನೆಯ ಅರ್ಥವನ್ನೂ ಪ್ರಜೆಗಳ ವಿಷಯದಲ್ಲಿ ಮೊದಲನೆಯದನ್ನೂ ಇಷ್ಟಪಡುತ್ತದೆ. ಆಗಬೇಕಾದದ್ದು ಇದರ ತಿರುವುಮುರುವು. ಕುರ್ಚಿಯಲ್ಲಿ ಕೂತವರ ಹಿನ್ನೆಲೆ ಪೂರ್ತಿ ಕಾಣುತ್ತಿರಬೇಕು. ದೀಪ ಹೊತ್ತವರಿಗೆ ತಮ್ಮ ಹಿನ್ನೆಲೆಯನ್ನು ಎಲ್ಲಿ ತೋರಿಸಬೇಕು, ಎಲ್ಲಿ ಮುಸುಕಬೇಕು ಎಂಬ ಆಯ್ಕೆ ಇರಬೇಕು.

ಈಗ ಮಾಯಾದಂಡವೂ ಬೇಕಿಲ್ಲ. ಫೋನಿನಲ್ಲಿ ಫೋಟೋದ ಮೇಲೆ ಬೆರಳೊತ್ತಿ ಹಿಡಿದರೆ ವ್ಯಕ್ತಿ ತಾನಾಗಿ ಬಿಡಿಸಿಕೊಂಡು ಬರುತ್ತಾನೆ. ಮನುಷ್ಯರು ಗೆರೆ ಎಳೆದು ‘ಇದು ವಿಷಯ’ ಎಂದು ಗುರುತಿಸಿಕೊಟ್ಟ ಅಪಾರ ಚಿತ್ರಗಳಿಂದ ಈ ಯಂತ್ರಗಳು ಕಲಿತಿವೆ. ಸಾಮಾನ್ಯವಾಗಿ ದೊಡ್ಡದಾಗಿ, ಮುಂದೆ, ನಡುವೆ, ಸ್ಪಷ್ಟವಾಗಿ ಕಾಣುವುದೇ ಅವಕ್ಕೆ ವಿಷಯ. ಆ ಮದುವೆಯ ಫೋಟೋವನ್ನು ಅಂಥ ಒಂದು ಯಂತ್ರಕ್ಕೆ ಕೊಟ್ಟು ನೋಡಿದೆ. ಕುರ್ಚಿಯಲ್ಲಿದ್ದವರೂ ಅವರ ಹಿಂದಿನ ಸಾಲೂ ನೀಟಾಗಿ ಬಿಡಿಸಿಕೊಂಡು ಬಂದರು. ಎಡತುದಿಯ ಮನುಷ್ಯ ಗೋಡೆಯ ಜೊತೆಗೆ ಹೋದ. ಯಂತ್ರ ಕೆಟ್ಟದ್ದೇನೂ ಮಾಡಲಿಲ್ಲ. ಆ ರಾತ್ರಿ ಕ್ಯಾಮೆರಾ ಹಿಡಿದವನ ತೀರ್ಮಾನವನ್ನೇ ಅದೂ ಒಪ್ಪಿತು. ಅಂಥ ತೀರ್ಮಾನವನ್ನು ಒಪ್ಪದಿರಬೇಕಾದರೆ ಫೋಟೋದ ಎಡತುದಿಯನ್ನು ತೋರಿಸಿ ‘ಇವರು ಯಾರು?’ ಎಂದು ಕೇಳುವವರೊಬ್ಬರು ಬೇಕು. ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಇನ್ನೂ ಕೆಲವು ಮನೆಗಳಲ್ಲಿ ಬದುಕಿದ್ದಾರೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ.